ಬಾವಿಗೆ ಬಿದ್ದ ಹೆಲಿಕಾಪ್ಟರ್, ಮತ್ತೆ ಅದರ ತಮ್ಮ

ನನ್ನ ಮೊದಲ ಹೆಲಿಕಾಪ್ಟರ್ ಈಗಲೂ ನಮ್ಮ ಮನೆ ಬಾವಿಯಲ್ಲಿದೆ.

ತೀರ್ಥಹಳ್ಳಿ ಕಡೆಯ ಹಳೇ ಮನೆ. ಹಿತ್ತಲಲ್ಲಿ ಬಾವಿ. ಬಾವಿಗೆ ಬಲೆ ಹಾಕಿದ್ದೇವೆ, ಕೊಡ ಇಳಿಸಲು ಒಂದು ಮೂಲೆ ಮಾತ್ರ ಬಿಟ್ಟಿದ್ದೇವೆ. ಅಷ್ಟು ದೊಡ್ಡ ಹಿತ್ತಲಿದ್ದರೂ ಅದು ಆ ಮೂಲೆಯನ್ನೇ ಹುಡುಕಿಕೊಂಡು ಹೋಯಿತು. ಪಾತಾಳಗರಡಿ ಇಳಿಸಿ ಒಂದು ಗಂಟೆ ಜಾಲಾಡಿದೆವು. ಒಂದು ಹಿತ್ತಾಳೆ ತಂಬಿಗೆ ಸಿಕ್ಕಿತು, ತುಕ್ಕು ಹಿಡಿದ ಕತ್ತಿ ಸಿಕ್ಕಿತು. ಹೆಲಿಕಾಪ್ಟರ್ ಸಿಗಲಿಲ್ಲ. ಅಮ್ಮನಿಗೆ ಖುಷಿಯೋ ಖುಷಿ. ಹತ್ತು ವರ್ಷದಿಂದ ಕಾಣೆಯಾಗಿದ್ದ ತಂಬಿಗೆಯಂತೆ. ಅದನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಾ, "ನಿನ್ನ ಹೆಲಿಕಾಪ್ಟರಿಂದ ಇಷ್ಟಾದ್ರೂ ಉಪಕಾರ ಆಯ್ತು" ಅಂದರು.

ಅದನ್ನು ಕೊಂಡಿದ್ದು ಶಿವಮೊಗ್ಗದ ಗಾಂಧಿ ಬಜಾರ್‌ನಲ್ಲಿ, ಒಂದು ಆಟದ ಸಾಮಾನಿನ ಅಂಗಡಿಯಲ್ಲಿ. ಅಕ್ಕನ ಮಗನ ಹುಟ್ಟಿದಹಬ್ಬ ಒಂದು ನೆಪ. ನಿಜ ಹೇಳಬೇಕೆಂದರೆ ಆಸೆ ನನ್ನದೇ. ನಾನು ಶಾಲೆಗೆ ಹೋಗುವಾಗ ಒಂದು ಎಲೆಕ್ಷನ್ ಸಮಯದಲ್ಲಿ ಹೈಸ್ಕೂಲು ಮೈದಾನಕ್ಕೆ ಹೆಲಿಕಾಪ್ಟರ್ ಬಂದಿತ್ತು. ಯಾರು ಬಂದಿದ್ದರು, ಏನು ಭಾಷಣ ಮಾಡಿದರು, ಒಂದೂ ನೆನಪಿಲ್ಲ. ಆ ಧೂಳು ನೆನಪಿದೆ. ಟೋಪಿ, ಟವೆಲ್ಲು, ಪಾಂಪ್ಲೆಟ್ಟು ಎಲ್ಲ ಹಾರಿಹೋದದ್ದು ನೆನಪಿದೆ. ಅಷ್ಟು ಭಾರದ ವಸ್ತು ಇಳಿಯುವ ಮುಂಚೆ ನೆಲದಿಂದ ಆಳೆತ್ತರದಲ್ಲಿ ಸುಮ್ನೆ ನಿಂತಿತ್ತಲ್ಲ, ಆ ಒಂದು ಗಳಿಗೆ ಚೆನ್ನಾಗಿ ನೆನಪಿದೆ.

ಅಂಗಡಿಯವರು ಡಬ್ಬದ ಮೇಲಿನ ಚಿತ್ರ ತೋರಿಸಿ "ಸೂಪರ್ ಪೀಸ್ ಸಾರ್" ಅಂದರು. ನಾನು ಎಷ್ಟು ಚಾನೆಲ್ ಎಂದು ಕೇಳಲಿಲ್ಲ. ಕೇಳಬೇಕು ಅಂತಲೇ ಗೊತ್ತಿರಲಿಲ್ಲ. ಅದು ಎರಡು ಚಾನೆಲ್‌ನದು. ಮೇಲೆ-ಕೆಳಗೆ ಒಂದು, ಎಡ-ಬಲ ತಿರುಗಲು ಇನ್ನೊಂದು. ಮುಂದೆ ಹೋಗು, ಹಿಂದೆ ಬಾ ಎಂದು ಹೇಳುವ ದಾರಿಯೇ ಇಲ್ಲ. ಮೇಲೆದ್ದ ಮೇಲೆ ಅದು ತನಗೆ ಬೇಕಾದ ಕಡೆ ತೇಲುತ್ತದೆ. ನಾವು ರಿಮೋಟ್ ಹಿಡಿದು ಹಿಂದೆ ಓಡಬೇಕು, ಅಷ್ಟೇ. ಹಾಗೆ ಓಡುತ್ತಾ ಓಡುತ್ತಾ ನಾನೂ ಬಾವಿಕಟ್ಟೆ ತನಕ ಹೋಗಿದ್ದೆ.

ಹಾಗಾಗಿ ಯಾರಾದರೂ ನನ್ನನ್ನು ಕೇಳಿದರೆ ಮೊದಲು ಹೇಳುವುದು ಇದನ್ನೇ. ಮೂರು ಚಾನೆಲ್‌ಗಿಂತ ಕಡಿಮೆಯದನ್ನು ಕೊಳ್ಳಬೇಡಿ. ನಾಲ್ಕು ಚಾನೆಲ್‌ನದನ್ನು ಮೊದಲಿಗೇ ಕೊಳ್ಳಬೇಡಿ. ಆರು ಚಾನೆಲ್‌ನದನ್ನು ಮುಟ್ಟಲೂ ಬೇಡಿ. ಅದರಲ್ಲಿ ರೆಕ್ಕೆಯ ಓರೆಯನ್ನೇ ಹಾರುತ್ತಿರುವಾಗ ಬದಲಿಸಬಹುದು, ಹೆಲಿಕಾಪ್ಟರನ್ನು ತಲೆಕೆಳಗು ಮಾಡಿಯೂ ಹಾರಿಸಬಹುದು. ಕೈ ಪಳಗಿದವರಿಗೆ ಅದು ಆಟ. ಉಳಿದವರಿಗೆ ಅದು ಹಾರುವ ಕತ್ತಿ.

ಎರಡನೆಯದನ್ನು ಕೊಳ್ಳುವಾಗ ನಾನು ಓದಿಕೊಂಡು ಹೋಗಿದ್ದೆ. ತಂದದ್ದು ಸೈಮಾ ಎಸ್107ಜಿ. ಹೊಸಬರಿಗೆ ಎಂದು ಜಗತ್ತಿನ ಎಲ್ಲ ಕಡೆ ಜನ ಕೈ ತೋರಿಸುವ ಮಾದರಿ ಇದು. ಉದ್ದ ಒಂದು ಗೇಣು, ಅಂದರೆ ಸುಮಾರು 22 ಸೆಂಟಿಮೀಟರ್. ತೂಕ 40 ಗ್ರಾಂ ಆಸುಪಾಸು. ಒಳಗಿನ ಚೌಕಟ್ಟು ಲೋಹದ್ದು, ಹಾಗಾಗಿ ಬಿದ್ದರೂ ಬೇಗ ಮುರಿಯುವುದಿಲ್ಲ. ಮೂರು ಚಾನೆಲ್, ಜೊತೆಗೆ ಹೆಸರಿನ ಕೊನೆಯಲ್ಲಿರುವ "ಜಿ" ಅಂದರೆ ಗೈರೋ. ಮೂತಿ ತಾನಾಗಿ ಗಿರಗಿರ ತಿರುಗದಂತೆ ನೋಡಿಕೊಳ್ಳುವ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್.

ಇದಕ್ಕೆ ಮೇಲೊಂದು ಕೆಳಗೊಂದು ಎರಡು ಜೊತೆ ರೆಕ್ಕೆ. ಯಾಕೆ ಎಂದು ಅಕ್ಕನ ಮಗ ಕೇಳಿದ. ಮಿಕ್ಸಿ ಹತ್ತಿರ ಕರೆದುಕೊಂಡು ಹೋದೆ. ಸ್ವಿಚ್ ತಿರುಗಿಸಿದ ತಕ್ಷಣ ಮಿಕ್ಸಿ ಮೈ ಒಂದು ಸಲ ತಿರುಚಿಕೊಳ್ಳುತ್ತದೆ, ಅಲ್ವಾ? ಒಳಗೆ ಬ್ಲೇಡು ಒಂದು ಕಡೆ ತಿರುಗಿದರೆ ಮೈ ಇನ್ನೊಂದು ಕಡೆ ತಿರುಗಲು ನೋಡುತ್ತದೆ. ಮಿಕ್ಸಿಗೆ ಕಟ್ಟೆಯ ಆಸರೆ ಇದೆ. ಗಾಳಿಯಲ್ಲಿರುವ ಹೆಲಿಕಾಪ್ಟರಿಗೆ ಯಾರ ಆಸರೆ? 1939ರಲ್ಲಿ ಅಮೆರಿಕದಲ್ಲಿ ಇಗೊರ್ ಸಿಕೋರ್ಸ್ಕಿ ತಮ್ಮ ವಿಎಸ್-300 ಹಾರಿಸಿದಾಗ ಬಾಲದಲ್ಲಿ ಅಡ್ಡಲಾಗಿ ಒಂದು ಸಣ್ಣ ಫ್ಯಾನು ಇಟ್ಟು ಈ ತಿರುಚಾಟವನ್ನು ತಡೆದರು. ಇವತ್ತು ನಾವು ನೋಡುವ ಬಹುಪಾಲು ಹೆಲಿಕಾಪ್ಟರ್‌ಗಳು ಅದೇ ದಾರಿಯವು. ರಷ್ಯಾದ ಕಾಮೊವ್ ಕಂಪನಿಯವರದು ಬೇರೆ ದಾರಿ. ಒಂದೇ ಕಂಬಕ್ಕೆ ಎರಡು ಜೊತೆ ರೆಕ್ಕೆ, ಒಂದು ಹೀಗೆ ತಿರುಗಿದರೆ ಇನ್ನೊಂದು ಹಾಗೆ. ಒಂದರ ತಿರುಚನ್ನು ಇನ್ನೊಂದು ತಿಂದುಹಾಕುತ್ತದೆ. ನಮ್ಮ ನೌಕಾಪಡೆಯ ಕಾಮೊವ್-31 ಹಾಗೆಯೇ ಇದೆ. ನಮ್ಮ ಗೇಣುದ್ದದ ಆಟಿಕೆಯೂ ಅದೇ ಜಾತಿ.

ಎಡಕ್ಕೆ ತಿರುಗಬೇಕೆಂದರೆ ಒಂದು ಜೊತೆ ರೆಕ್ಕೆ ತುಸು ಜೋರಾಗಿ, ಇನ್ನೊಂದು ತುಸು ನಿಧಾನವಾಗಿ ತಿರುಗುತ್ತದೆ. ಬಾಲದ ಚಿಕ್ಕ ಫ್ಯಾನು ಇಲ್ಲಿ ಮಲಗಿಕೊಂಡಿದೆ. ಅದು ಬಾಲವನ್ನು ಎತ್ತಿದರೆ ಮೂತಿ ತಗ್ಗುತ್ತದೆ, ಹೆಲಿಕಾಪ್ಟರ್ ಮುಂದೆ ಹೋಗುತ್ತದೆ. ಪಕ್ಕಕ್ಕೆ ಸರಿಯಲು ಮಾತ್ರ ಬರುವುದಿಲ್ಲ. ಅದು ನಾಲ್ಕನೇ ಚಾನೆಲ್‌ನ ವಿದ್ಯೆ.

ಇದೆಲ್ಲಕ್ಕಿಂತ ನನಗೆ ಇಷ್ಟವಾದದ್ದು ತಲೆಯ ಮೇಲಿನ ಕಡ್ಡಿ. ರೆಕ್ಕೆಗಳಿಗೂ ಮೇಲೆ, ಎರಡು ತುದಿಯಲ್ಲಿ ಪುಟ್ಟ ಭಾರ ಇರುವ ಒಂದು ಕಡ್ಡಿ ಸುತ್ತುತ್ತಿರುತ್ತದೆ. ಬುಗುರಿ ಜೋರಾಗಿ ಸುತ್ತುವಾಗ ಬೀಳುವುದಿಲ್ಲವಲ್ಲ, ಹಾಗೆ. ಮೈ ವಾಲಿದರೂ ಕಡ್ಡಿ ವಾಲಲು ಒಪ್ಪುವುದಿಲ್ಲ. ತನಗೆ ಜೋಡಿಸಿದ ರೆಕ್ಕೆಯನ್ನು ಎಳೆದು ಸರಿ ಮಾಡುತ್ತದೆ. ಇದೇ ಬಗೆಯ ಕಡ್ಡಿಯನ್ನು ಬೆಲ್ ಹೆಲಿಕಾಪ್ಟರ್‌ಗಳಿಗೆ ತಂದವರು ಆರ್ಥರ್ ಯಂಗ್. ಪೆನ್ಸಿಲ್ವೇನಿಯಾದ ಪಾವೊಲಿ ಎಂಬಲ್ಲಿ ಒಂದು ಹಳೇ ಕೊಟ್ಟಿಗೆಯಲ್ಲಿ ಅವರು ವರ್ಷಗಟ್ಟಲೆ ಪುಟ್ಟ ಪುಟ್ಟ ಮಾದರಿ ಹೆಲಿಕಾಪ್ಟರ್ ಮಾಡಿ, ಹಾರಿಸಿ, ಕೆಡವಿ, ಮತ್ತೆ ಮಾಡುತ್ತಿದ್ದರು. 1941ರಲ್ಲಿ ಬೆಲ್ ಕಂಪನಿಗೆ ಸೇರಿದರು. ಅಲ್ಲಿ ಹುಟ್ಟಿದ ಬೆಲ್ 47, 1946ರ ಮಾರ್ಚ್‌ನಲ್ಲಿ ಜನಸಾಮಾನ್ಯರ ಬಳಕೆಗೆ ಸರ್ಟಿಫಿಕೇಟ್ ಪಡೆದ ಜಗತ್ತಿನ ಮೊದಲ ಹೆಲಿಕಾಪ್ಟರ್. ಅಂದರೆ ಆ ಕಡ್ಡಿ ಮೊದಲು ಕುಣಿದದ್ದು ಆಟಿಕೆಯಂಥ ಮಾದರಿಗಳ ತಲೆ ಮೇಲೆ, ಆಮೇಲೆ ದೊಡ್ಡದರ ತಲೆ ಮೇಲೆ. ಇದನ್ನು ಅಪ್ಪಯ್ಯನಿಗೆ ಹೇಳಿದೆ. ಅವರು ನಮ್ಮ ಕೊಟ್ಟಿಗೆ ಕಡೆ ಒಮ್ಮೆ ನೋಡಿ, "ಅವ್ರ ದನ ಎಲ್ಲಿ ಕಟ್ತಿದ್ರೋ" ಅಂದರು.

ಮೊದಲ ದಿನ ಅಂಗಳದಲ್ಲಿ, ಮಧ್ಯಾಹ್ನದ ಬಿಸಿಲಲ್ಲಿ ಹಾರಿಸಲು ಹೋದೆ. ರಿಮೋಟಿನ ಮೇಲೆ-ಕೆಳಗೆ ಮಾಡುವ ಕೋಲನ್ನು ಎಷ್ಟು ಒತ್ತಿದರೂ ಕೆಮ್ಮಿದ ಹಾಗೆ ಒಂದು ಸಲ ತಿರುಗುತ್ತದೆ, ನಿಲ್ಲುತ್ತದೆ. ಇದೂ ಮೋಸವೇ ಎಂದುಕೊಂಡೆ. ಜಗಲಿಯ ನೆರಳಿಗೆ ತಂದರೆ ಸರಿಯಾಗಿ ಹಾರಿತು. ಈ ರಿಮೋಟು ಟಿವಿ ರಿಮೋಟಿನ ಹಾಗೆ ಇನ್‌ಫ್ರಾರೆಡ್ ಬೆಳಕಿನದು. ಬಿಸಿಲಿನಲ್ಲಿ ಅದೇ ಬೆಳಕು ಧಾರಾಳವಾಗಿ ಇರುತ್ತದೆ. ಜಾತ್ರೆ ಗದ್ದಲದಲ್ಲಿ ಪಿಸುಮಾತು ಆಡಿದ ಹಾಗೆ ಆಗುತ್ತದೆ. ಕಂಬದ ಹಿಂದೆ ಹೋದರೂ ಕಷ್ಟ. ನಮ್ಮ ಜಗಲಿಯಲ್ಲಿ ಎಂಟು ಕಂಬ. ಪ್ರತಿ ಕಂಬದ ಹಿಂದೆಯೂ ಅದು ಒಂದೊಂದು ಸಲ ಬಿದ್ದಿದೆ. 2.4 ಗಿಗಾಹರ್ಟ್ಸ್ ರೇಡಿಯೊ ಇರುವುದನ್ನು ತಂದರೆ ಈ ತಾಪತ್ರಯ ಇಲ್ಲ. ಆದರೆ ಹೊರಗೆ ಗಾಳಿ ಇದೆಯಲ್ಲ. 40 ಗ್ರಾಂ ಅಂದರೆ ಎಷ್ಟು ತೂಕ? ಮಲೆನಾಡಿನ ಒಂದು ಸಣ್ಣ ಬೀಸಿಗೆ ಅದು ತೋಟದ ಕಡೆ ಹೊರಟುಬಿಡುತ್ತದೆ. ಮನೆಯೊಳಗೆ, ಫ್ಯಾನು ಆರಿಸಿ, ಹುಡುಗಿಯರಿದ್ದರೆ ಜಡೆ ಕಟ್ಟಿಸಿ ಹಾರಿಸುವುದೇ ಸರಿ.

ಏರಿಸುವಾಗ ಎಲ್ಲ ಹೊಸಬರೂ ಮಾಡುವ ತಪ್ಪೊಂದಿದೆ. ಹೆದರಿಕೊಂಡು ನೆಲದಿಂದ ನಾಲ್ಕು ಬೆರಳು ಮಾತ್ರ ಎತ್ತುತ್ತಾರೆ. ಅಷ್ಟು ಕೆಳಗೆ ರೆಕ್ಕೆಯ ಗಾಳಿ ನೆಲಕ್ಕೆ ಬಡಿದು ಸುತ್ತ ಹರಡುತ್ತದೆ, ಆ ಕಲಕಿದ ಗಾಳಿಯ ಮೇಲೆಯೇ ಹೆಲಿಕಾಪ್ಟರ್ ಜಾರಾಡುತ್ತದೆ. ಚಾಪೆ ಅಂಚಿಗೆ ಕಾಲು ಸಿಕ್ಕಿ ಮಗುಚುತ್ತದೆ. ಧೈರ್ಯವಾಗಿ ಸೊಂಟದ ಎತ್ತರಕ್ಕೆ ಏರಿಸಿ. ಅಲ್ಲಿ ಗಾಳಿ ಶುದ್ಧ. ಮೂತಿ ತಾನೇ ಒಂದು ಕಡೆ ತಿರುಗುತ್ತಿದ್ದರೆ ಟ್ರಿಮ್ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ತಿರುವಿ ಸರಿ ಮಾಡಿ. ಎಲ್ಲಿಗಾದರೂ ಬಡಿಯುತ್ತದೆ ಅನ್ನಿಸಿದರೆ, ಬಡಿಯುವ ಮುಂಚೆಯೇ ಕೋಲನ್ನು ಪೂರ್ತಿ ಕೆಳಗೆ ತನ್ನಿ. ತಿರುಗುವ ರೆಕ್ಕೆ ಬಡಿದರೆ ಮುರಿಯುತ್ತದೆ, ಸಿಕ್ಕಿಕೊಂಡ ಮೋಟಾರು ಸುಡುತ್ತದೆ. ಸುಮ್ಮನೆ ಬಿದ್ದರೆ ಏನೂ ಆಗುವುದಿಲ್ಲ.

ಸುಮ್ಮನೆ ಬೀಳುವುದು ಅಂದಾಗ ಒಂದು ಮಾತು. ಆಗುಂಬೆ ಕಾಡಿನಲ್ಲಿ ಎರಡು ಉದ್ದ ರೆಕ್ಕೆಯ ಕಾಯಿ ಬಿಡುವ ದೊಡ್ಡ ಮರಗಳಿವೆ, ಧೂಪದ ಜಾತಿಯವು. ಕಾಯಿ ಬಲಿತು ಉದುರುವಾಗ ಗಿರಿಗಿರಿ ಸುತ್ತುತ್ತಾ ನಿಧಾನಕ್ಕೆ ಇಳಿಯುತ್ತದೆ. ಚಿಕ್ಕವರಿದ್ದಾಗ ಅದನ್ನು ಮತ್ತೆ ಮತ್ತೆ ಮೇಲೆಸೆದು ನೋಡುತ್ತಿದ್ದೆವು. ನಿಜವಾದ ಹೆಲಿಕಾಪ್ಟರಿಗೂ ಆ ವಿದ್ಯೆ ಗೊತ್ತು. ಎಂಜಿನ್ ಕೈಕೊಟ್ಟರೆ ಪೈಲಟ್ ರೆಕ್ಕೆಯ ಓರೆ ತಗ್ಗಿಸುತ್ತಾರೆ. ಕೆಳಗಿನಿಂದ ಬರುವ ಗಾಳಿಯೇ ರೆಕ್ಕೆಯನ್ನು ತಿರುಗಿಸುತ್ತದೆ. ಆ ಕಾಯಿಯ ಹಾಗೆ ಇಳಿಯಬಹುದು. ನಮ್ಮ ಆಟಿಕೆಯ ರೆಕ್ಕೆಗೆ ಓರೆ ಬದಲಿಸಲು ಬರುವುದಿಲ್ಲ. ಅದು ಕಲ್ಲಿನ ಹಾಗೆ ಬೀಳುತ್ತದೆ.

ರೆಕ್ಕೆ ಮುರಿದರೆ ಬದಲಿಸಬಹುದು. ಬಿಡಿಭಾಗ ಸಿಗುವ ಮಾದರಿಯನ್ನೇ ಕೊಳ್ಳಬೇಕು ಅನ್ನುವುದು ಇದಕ್ಕೇ. ನಾನೊಮ್ಮೆ ಬದಲಿಸಿದೆ. ಮೋಟಾರು ಜೋರಾಗಿ ಕೂಗುತ್ತದೆ, ಹೆಲಿಕಾಪ್ಟರ್ ಮಾತ್ರ ನೆಲ ಬಿಟ್ಟು ಏಳುವುದಿಲ್ಲ. ಅರ್ಧ ದಿನ ತಲೆ ಕೆರೆದುಕೊಂಡೆ. ಮೇಲಿನ ರೆಕ್ಕೆ ಕೆಳಗೆ, ಕೆಳಗಿನದು ಮೇಲೆ ಹಾಕಿದ್ದೆ. ಎರಡೂ ಎದುರು ಬದರು ತಿರುಗುವುದರಿಂದ ಅವುಗಳ ಓರೆಯೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ನನ್ನ ಹೆಲಿಕಾಪ್ಟರ್ ಗಾಳಿಯನ್ನು ಮೇಲಕ್ಕೆ ತಳ್ಳುತ್ತಾ, ತನ್ನನ್ನು ತಾನೇ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ರೆಕ್ಕೆಯ ಬುಡದಲ್ಲಿ ಎ, ಬಿ ಎಂದು ಅಚ್ಚು ಹಾಕಿದ್ದರು. ಓದಿದ್ದರೆ ತಾನೆ.

ಏರಿಸಿದ್ದಾಯಿತು, ಇಳಿಸಿದ್ದಾಯಿತು. ಒಂದು ಕಡೆ ನಿಲ್ಲಿಸಲು ಮಾತ್ರ ವಾರ ಕಳೆದರೂ ಬರಲಿಲ್ಲ. ಸ್ವಲ್ಪ ಇಳಿಯುತ್ತಿದೆ ಅನ್ನಿಸಿದರೆ ಕೋಲು ಎತ್ತುತ್ತೇನೆ, ಅದು ಅಟ್ಟದ ತೊಲೆಗೆ ಹೋಗಿ ಬಡಿಯುತ್ತದೆ. ಗಾಬರಿಯಾಗಿ ಇಳಿಸುತ್ತೇನೆ, ನೆಲಕ್ಕೆ ಬೀಳುತ್ತದೆ. ತೊಲೆ, ನೆಲ, ತೊಲೆ, ನೆಲ. ಅಪ್ಪಯ್ಯ ಪೇಪರಿನ ಮೇಲಿಂದ ನೋಡಿ, "ಎಂಥದು ಮಾರಾಯ, ಕೊಡಪಾನ ಸೇದಿದ ಹಾಗೆ ಮಾಡ್ತೀಯಲ್ಲ" ಅಂದರು.

ಅದೇ ಸಮಯಕ್ಕೆ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವರು ಬಂದಿದ್ದರು. ಅಡಿಕೆ ಕೊಯ್ಲಿನ ದಿನಗಳು. ಅವರಲ್ಲಿ ಮೊದಲು ಮರ ಹತ್ತುತ್ತಿದ್ದ ಅಣ್ಣ ಒಬ್ಬರು, ಈಗ ನಾಲ್ಕೈದು ವರ್ಷದಿಂದ ಫೈಬರ್ ದೋಟಿ ಹಿಡಿದು ನೆಲದ ಮೇಲೆಯೇ ನಿಂತು ಕೊಯ್ಯುತ್ತಾರೆ. ಆ ದೋಟಿ ನೋಡಿದವರಿಗೆ ಗೊತ್ತು. ಒಂದರೊಳಗೊಂದು ಸೇರಿದ ಕೊಳವೆಗಳು. ಪೂರ್ತಿ ಎಳೆದರೆ ಮರದ ತುದಿಯ ಕೊನೆಗೆ ಮುಟ್ಟುತ್ತದೆ. ಇಲ್ಲಿ ಕೈ ಒಂದು ಇಂಚು ಆಡಿದರೆ ಅಲ್ಲಿ ತುದಿ ಒಂದು ಮಾರು ಬಳುಕುತ್ತದೆ. ಅದೂ ತಕ್ಷಣ ಅಲ್ಲ, ಒಂದು ಕ್ಷಣ ಬಿಟ್ಟು.

ಕಾಫಿ ಕುಡಿಯಲು ಜಗಲಿಗೆ ಬಂದ ಅವರು ನನ್ನ ಕುಣಿತವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಲೋಟ ಕೆಳಗಿಟ್ಟು ಹೇಳಿದರು:

"ಮಾರಾಯ್ರೆ, ನೀವು ಅದನ್ನ ನೋಡಿ ನೋಡಿ ಕೈ ಆಡಿಸ್ತೀರಿ. ಅದು ಈಗ ಕುಣೀತಿರೋದು ನೀವು ಆಗ್ಲೇ ಕೊಟ್ಟ ಕೈಗೆ. ಈಗ ಕೊಟ್ಟ ಕೈಗೆ ಇನ್ನೂ ಕುಣಿದೇ ಇಲ್ಲ."

ನಾನು ರಿಮೋಟ್ ಅವರ ಕೈಗೆ ಕೊಟ್ಟೆ. ಜೀವಮಾನದಲ್ಲಿ ಅದನ್ನು ಮುಟ್ಟಿರಲಿಲ್ಲ ಅವರು. ಮೊದಲ ಸಲ ಏರಿಸಿದಾಗ ಗೋಡೆಗೆ ಬಡಿಯಿತು. ಎರಡನೆಯ ಸಲವೂ ಬಡಿಯಿತು. ಮೂರನೆಯ ಸಲ ಎದೆಯೆತ್ತರಕ್ಕೆ ಏರಿತು. ಇಳಿಯಲು ಶುರುವಾದಾಗ ಅವರ ಹೆಬ್ಬೆರಳು ಕೋಲನ್ನು ಕಾಣದಷ್ಟು ಎತ್ತಿ, ಹೆಲಿಕಾಪ್ಟರ್ ಇನ್ನೂ ಇಳಿಯುತ್ತಿರುವಾಗಲೇ ಮತ್ತೆ ಕೆಳಗೆ ತಂದಿತು. ಹೆಲಿಕಾಪ್ಟರ್ ಇಳಿಯುವುದು ನಿಂತಿತು. ಏರಲಿಲ್ಲ. ನಿಂತಿತು. ಹತ್ತು ಎಣಿಸುವಷ್ಟು ಹೊತ್ತು ಅಲ್ಲೇ ಇತ್ತು. ಆಮೇಲೆ ಅವರಿಗೆ ಬೇಸರವಾಯಿತೋ ಏನೋ, ಚಾಪೆ ಮೇಲೆ ಇಳಿಸಿ "ಇದಕ್ಕಿಂತ ದೋಟಿ ಕಷ್ಟ, ಅದಕ್ಕೆ ಭಾರ ಇದೆ" ಅಂದು ತೋಟಕ್ಕೆ ಹೋದರು.

ನಾನು ಆ ಸಂಜೆಯೆಲ್ಲ ಆ ಒಂದು ಮಾತನ್ನೇ ಹಿಡಿದು ಕೂತೆ. ಕೊಟ್ಟ ಕೈಯನ್ನು ವಾಪಸ್ ತೆಗೆದುಕೊಳ್ಳಬೇಕು, ಅದು ಕೆಲಸ ಮಾಡಿತೋ ಇಲ್ಲವೋ ಎಂದು ಕಾಣುವ ಮುಂಚೆಯೇ. ಕೇಳಲು ಸುಲಭ. ಬೆರಳಿಗೆ ಇದು ದೊಡ್ಡ ಅವಮಾನ. ಬೆರಳು ಫಲ ಕಾಣುವ ತನಕ ಒತ್ತಿ ಹಿಡಿಯುತ್ತದೆ. ಫಲ ಕಾಣುವಷ್ಟರಲ್ಲಿ ಜಾಸ್ತಿಯಾಗಿರುತ್ತದೆ.

ಇನ್ನೊಂದು ಗೊಂದಲ ಎಡ-ಬಲದ್ದು. ಬಾಲ ನಮ್ಮ ಕಡೆ ಇರುವಾಗ ಎಲ್ಲ ಸರಿ. ಮೂತಿ ನಮ್ಮ ಕಡೆ ತಿರುಗಿತೋ, ನಮ್ಮ ಎಡ ಅದರ ಬಲ. ಲಾರಿಯ ಮುಂದೆ ನಿಂತು ಡ್ರೈವರಿಗೆ ಕೈಸನ್ನೆ ಮಾಡುವ ಕ್ಲೀನರ್ ನೆನಪಾದ. ಅವನು ತನ್ನ ಬಲವನ್ನು ಮರೆತು ಡ್ರೈವರಿನ ಬಲವನ್ನೇ ಹೇಳುತ್ತಾನೆ. ನಾನು ಅಷ್ಟು ಜಾಣನಲ್ಲ. ಮೊದಮೊದಲು ಹೆಲಿಕಾಪ್ಟರ್ ತಿರುಗಿದ ಹಾಗೆಲ್ಲ ನಾನೂ ತಿರುಗಿ, ಅದರ ಬೆನ್ನ ಹಿಂದೆಯೇ ನಿಲ್ಲುತ್ತಿದ್ದೆ. ಅಕ್ಕನ ಮಗ ಮೂರೇ ದಿನದಲ್ಲಿ ಕಲಿತ. ಕಲಿತ ಮೇಲೆ ಕೇಳಿದ, "ಮಾವ, ಇದರ ಬದಲು ಡ್ರೋನ್ ತಗೋಬೋದಿತ್ತಲ್ಲ? ಅದು ತಾನೇ ನಿಲ್ಲತ್ತೆ."

ಹೌದು, ನಿಲ್ಲುತ್ತದೆ. ಎತ್ತರವನ್ನೂ ಜಾಗವನ್ನೂ ಹಿಡಿದುಕೊಳ್ಳುವ ಸೆನ್ಸರ್ ಇರುವ ನಾಲ್ಕು ರೆಕ್ಕೆಯ ಡ್ರೋನ್ ಕೈ ಬಿಟ್ಟರೂ ನಿಂತಲ್ಲೇ ಇರುತ್ತದೆ. ಫೋಟೊ ತೆಗೆಯಲು, ತೋಟಕ್ಕೆ ಮದ್ದು ಹೊಡೆಯಲು ಅದೇ ಸರಿ. ಅದರ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಅಲ್ಲಿ ನಿಲ್ಲಿಸಿದವನು ನಾನಲ್ಲವಲ್ಲ. (ಹೊರಗೆ ಹಾರಿಸುವ ದೊಡ್ಡ ಡ್ರೋನ್‌ಗಳಿಗೆ ನಿಯಮಗಳೂ ಇವೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಶಿವಮೊಗ್ಗ ಪೇಟೆಯವರು ಆ ಕಡೆಗೂ ಒಂದು ಕಣ್ಣಿಟ್ಟಿರಬೇಕು. ಜಗಲಿಯ ತೊಲೆ ದಾಟದ ನಮಗೆ ಆ ಚಿಂತೆ ಇಲ್ಲ.)

ಬ್ಯಾಟರಿ ವಿಷಯ ಹೇಳದಿದ್ದರೆ ಪೂರ್ತಿಯಾಗುವುದಿಲ್ಲ. ಒಳಗಿರುವುದು 150 ಎಂಎಎಚ್‌ನ ಒಂದು ಚಿಟಿಕೆ ಲಿಥಿಯಂ ಪಾಲಿಮರ್ ಬ್ಯಾಟರಿ. ನಮ್ಮ ಮೊಬೈಲುಗಳಲ್ಲಿ ಈಗ 5000 ಇರುತ್ತದೆ. ಮುಕ್ಕಾಲು ಗಂಟೆಯ ಹತ್ತಿರ ಚಾರ್ಜ್ ಮಾಡಿದರೆ ಆರೇಳು ನಿಮಿಷ ಹಾರುತ್ತದೆ. ಇದು ಕಡಿಮೆಯಾಯಿತು ಎಂದು ಎಲ್ಲರೂ ಗೊಣಗುತ್ತಾರೆ. ಕಲಿಯುವವರಿಗೆ ಆರು ನಿಮಿಷ ಸಾಕು, ಅಷ್ಟರಲ್ಲಿ ಕಣ್ಣು ಸೋಲುತ್ತದೆ. ಇಳಿದ ತಕ್ಷಣ ಬಿಸಿಯಿದ್ದಾಗಲೇ ಮತ್ತೆ ಚಾರ್ಜಿಗೆ ಹಾಕಬೇಡಿ, ಒಂದು ಕಾಫಿಯಷ್ಟು ಹೊತ್ತು ಬಿಡಿ. ಚಾರ್ಜಿಗೆ ಹಾಕಿ ಪೇಟೆಗೆ ಹೋಗಬೇಡಿ. ಖಾಲಿ ಮಾಡಿ ಮೂಲೆಗಿಡಬೇಡಿ, ಅರ್ಧ ತುಂಬಿಸಿ ಇಡಿ. ಈ ಕೊನೆಯದನ್ನು ನಾನು ದುಡ್ಡು ಕೊಟ್ಟು ಕಲಿತದ್ದು. ಒಂದು ಮಳೆಗಾಲ ಪೂರ್ತಿ ಅದನ್ನು ಖಾಲಿಯಾಗಿಯೇ ಅಟ್ಟದ ಮೇಲೆ ಇಟ್ಟಿದ್ದೆ. ತೆಗೆದು ನೋಡಿದರೆ ಬ್ಯಾಟರಿ ಮತ್ತೆ ಚಾರ್ಜ್ ಹಿಡಿಯಲೇ ಇಲ್ಲ.

ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಯಾವಾಗ ಬರುತ್ತದೆ ಎಂದು ಹೇಳುವವರಿಲ್ಲ. ರಿಮೋಟಿನಲ್ಲೇ ಒಂದು ವೈರ್ ಇದೆ, ಅದರೊಳಗಿನ ಆರು ಸೆಲ್‌ಗಳಿಂದಲೇ ಚಾರ್ಜ್ ಮಾಡಬಹುದು. ಸೆಲ್ ಮಾತ್ರ ಬೇಗ ಮುಗಿಯುತ್ತದೆ. ಊರಿನ ಅಂಗಡಿಯವರು ವಾರಕ್ಕೆ ಆರು ಸೆಲ್ ಕೇಳುವ ನನ್ನನ್ನು ನೋಡಿ "ಕಾಡಿಗೆ ಹೋಗ್ತೀರಾ ರಾತ್ರಿ?" ಎಂದು ಮೆಲ್ಲಗೆ ಕೇಳಿದ್ದರು.

ಆ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ನನ್ನ ಕೈ ಒಂದು ಹದಕ್ಕೆ ಬಂದಿತ್ತು. ನಮ್ಮಲ್ಲಿ ಇನ್ನೂ ಅಡಿಕೆ ಸುಲಿಯುವುದು ಕೈಯಲ್ಲೇ. ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಬಲ್ಬಿನ ಕೆಳಗೆ ಆರೇಳು ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಕೂರುತ್ತಾರೆ. ಮಾತು, ನಗು, ಟಕ್ ಟಕ್ ಸದ್ದು, ಮೇಲೆ ಬಲ್ಬಿನ ಸುತ್ತ ಹುಳಗಳ ಹಿಂಡು. ಅವರಿಗೆ ತೊಂದರೆಯಾಗದಂತೆ ನಾನು ಜಗಲಿಯ ಆ ತುದಿಯಲ್ಲಿ ಹಾರಿಸುತ್ತಿದ್ದೆ. ಅವರು ಕೂತ ಜಾಗದಿಂದ ನಾಲ್ಕು ಹೆಜ್ಜೆ ಆಚೆ, ಸುಲಿದ ಸಿಪ್ಪೆ ರಾಶಿಯ ಮೇಲೆ ಹೆಲಿಕಾಪ್ಟರ್ ಬಂದು ನಿಂತಿತು. ನಾನು ನಿಲ್ಲಿಸಿದೆ ಎಂದೇ ಹೇಳಬೇಕು. ಉಸಿರು ಬಿಗಿ ಹಿಡಿದು, ಕೊಟ್ಟು ತೆಗೆದು, ಕೊಟ್ಟು ತೆಗೆದು.

ತುದಿಯಲ್ಲಿ ಕೂತಿದ್ದ ಅಕ್ಕ ಒಬ್ಬರು ತಲೆಯೆತ್ತಿ ನೋಡಿದರು. "ಅಣ್ಣಯ್ಯ, ಅದನ್ನ ಅಲ್ಲೇ ನಿಲ್ಸಿ. ಗಾಳಿಗೆ ಸೊಳ್ಳೆ ಹತ್ರ ಬರಲ್ಲ."

ಅಪ್ಪಯ್ಯ ಒಳಗಿಂದಲೇ ಕೂಗಿದರು, "ಅಂತೂ ಒಂದು ಕೆಲ್ಸಕ್ಕೆ ಬಂತಾ?"

ನಿಲ್ಲಿಸಿದೆ. ಐದು ನಿಮಿಷ ಇರಬೇಕು. ಅಷ್ಟರಲ್ಲಿ ಬ್ಯಾಟರಿ ಸೋತಿತು. ಕೋಲು ಎತ್ತಿದರೂ ಅದು ಮೆಲ್ಲಗೆ ಮೆಲ್ಲಗೆ ಇಳಿದು ಸಿಪ್ಪೆ ರಾಶಿಯ ಮೇಲೆ ಕೂತುಬಿಟ್ಟಿತು. ಆ ಅಕ್ಕ ಮೊಣಕಾಲಿಗೊಂದು ಏಟು ಕೊಟ್ಟುಕೊಂಡರು.

"ಮುಗೀತಾ? ಬಂದ್ವು ನೋಡಿ ವಾಪಸ್."